ಹಲ್ಲಿನ ಹಿಂದೆ ಅಡಗಿದ ತಂತಿ

ಹಾನುಬಾಳು ಕಡೆಯ ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದೇ ಕೇಳಿದಳು: "ಸಾರ್, ಬೆಂಗಳೂರಿನ ನಮ್ಮ ಅಕ್ಕ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾಳೆ. ಆದರೆ ನಕ್ಕರೂ ತಂತಿ ಕಾಣುವುದಿಲ್ಲ. ಅದು ಹೇಗೆ?" ಹಿಂದಿನಿಂದ ಯಾರೋ ಕಿಸಕ್ಕೆಂದರು. ಹುಡುಗಿಯ ಮುಂದಿನ ಹಲ್ಲುಗಳು ಸ್ವಲ್ಪ ಉಬ್ಬಿವೆ. ಕೈ ಅಡ್ಡ ಬಂದದ್ದು ಅದಕ್ಕೇ. ಪ್ರಶ್ನೆ ಮಾತ್ರ ಬಹಳ ಚೆನ್ನಾಗಿತ್ತು.

ಅಕ್ಕನ ತಂತಿ ಇರುವುದು ಹಲ್ಲಿನ ಹಿಂಬದಿಯಲ್ಲಿ, ನಾಲಿಗೆಯ ಕಡೆಗೆ. ಎದುರಿಗೆ ಹಾಕಿದರೂ ಹಿಂದೆ ಹಾಕಿದರೂ ಅದು ಮಾಡುವ ಕೆಲಸ ಒಂದೇ.

ಮಕ್ಕಳೇ, ಹಲ್ಲು ದವಡೆಯ ಮೂಳೆಯಲ್ಲಿ ಮೊಳೆಯಂತೆ ಬಿಗಿದು ಕೂತಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ನಾರುಗಳ ಬಹಳ ತೆಳುವಾದ ಪದರವಿದೆ. ತಂತಿಯು ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತುತ್ತಿದ್ದರೆ, ಒತ್ತಡ ಬಿದ್ದ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸ ಆರಂಭಿಸುತ್ತವೆ. ಇನ್ನೊಂದು ಕಡೆ ಮೂಳೆ ಕಟ್ಟುವ ಜೀವಕೋಶಗಳು ಖಾಲಿ ಜಾಗವನ್ನು ತುಂಬುತ್ತವೆ. ಮಳೆಗಾಲದಲ್ಲಿ ಕಾಫಿ ತೋಟದ ಬೇಲಿಗೂಟ ತಂತಿಯ ಎಳೆತಕ್ಕೆ ದಿನದಿನಕ್ಕೂ ವಾಲುವುದನ್ನು ನೋಡಿದ್ದೀರಲ್ಲವೇ? ಹಾಗೆಯೇ ಇದು. ಆದರೆ ಗೂಟದ ಹಿಂದೆ ಬಿರುಕು ಉಳಿಯುತ್ತದೆ, ದವಡೆಯಲ್ಲಿ ಉಳಿಯುವುದಿಲ್ಲ. ಒಂದು ಹಲ್ಲನ್ನು ವಾಲಿಸಲು ಸುಮಾರು 50 ಗ್ರಾಂ ಬಲ ಸಾಕು, ಅಂದರೆ ಒಂದು ಕೋಳಿಮೊಟ್ಟೆಯ ತೂಕ! ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಚಲಿಸುತ್ತದೆ. ಅವಸರಪಟ್ಟು ಹೆಚ್ಚು ಬಲ ಹಾಕಿದರೆ ಹಲ್ಲಿನ ಬೇರಿಗೇ ಪೆಟ್ಟು. ಚಿಕಿತ್ಸೆ ಒಂದೂವರೆ ಎರಡು ವರ್ಷ ಹಿಡಿಯುವುದು ಇದರಿಂದಲೇ.

ತಂತಿಯನ್ನು ಒಳಗೆ ಹಾಕುವ ವಿಧಾನವನ್ನು 1970ರ ದಶಕದಲ್ಲಿ ಜಪಾನಿನ ಕಿನ್ಯಾ ಫುಜಿಟಾ ಮತ್ತು ಅಮೆರಿಕದ ಕ್ರೇವನ್ ಕರ್ಜ್ ಎಂಬ ದಂತವೈದ್ಯರು ಬೇರೆ ಬೇರೆಯಾಗಿ ರೂಪಿಸಿದರು. ಫುಜಿಟಾ ಅವರ ಯೋಚನೆ ಬರೀ ಅಂದದ್ದಲ್ಲ. ಕರಾಟೆಯಂಥ ಆಟದಲ್ಲಿ ಮುಖಕ್ಕೆ ಏಟು ಬಿದ್ದಾಗ ಎದುರಿನ ತಂತಿ ತುಟಿಯನ್ನು ಸೀಳುತ್ತದೆ; ಒಳಗಿದ್ದರೆ ತುಟಿ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ತಂತಿಯ ಸುತ್ತ ಸರಿಯಾಗಿ ಉಜ್ಜದಿದ್ದರೆ ಹಲ್ಲಿನ ಮೇಲೆ ಬಿಳಿ ಕಲೆ ಉಳಿಯುವುದುಂಟು. ಒಳಗಿನ ತಂತಿಯಾದರೆ ಎದುರಿಗೆ ಅಂಥ ಕಲೆಯ ಕಾಟವಿಲ್ಲ.

ಹಾಗಾದರೆ ಎಲ್ಲರೂ ಒಳಗೇ ಏಕೆ ಹಾಕಿಸುವುದಿಲ್ಲ? ಉತ್ತರ ನಿಮ್ಮ ವರ್ಣಮಾಲೆಯಲ್ಲೇ ಇದೆ! ತ, ಥ, ದ, ಧ, ನ ಎಂದು ನಿಧಾನವಾಗಿ ಹೇಳಿ. ನಾಲಿಗೆಯ ತುದಿ ಎಲ್ಲಿ ತಾಗಿತು? ಮೇಲಿನ ಹಲ್ಲುಗಳ ಹಿಂಬದಿಗೆ. ವ್ಯಾಕರಣದಲ್ಲಿ ಇವುಗಳಿಗೆ ದಂತ್ಯಾಕ್ಷರಗಳೆಂದೇ ಹೆಸರು. ಈಗ ಪ, ಬ, ಮ ಹೇಳಿ. ನಾಲಿಗೆಗೆ ಕೆಲಸವೇ ಇಲ್ಲ. ಒಳಗೆ ತಂತಿ ಕೂತಾಗ ತೊಂದರೆಯಾಗುವುದು ಮೊದಲ ಗುಂಪಿಗೆ, ಜೊತೆಗೆ ಸಕಾರಕ್ಕೆ. ನಾಲಿಗೆಗೆ ತರಚಿ ಹುಣ್ಣೂ ಆಗುತ್ತದೆ. ಹೆಚ್ಚಿನವರಿಗೆ ಇದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಇಷ್ಟು ಹೇಳಿದ್ದೇ ತಡ, ಆ ಹುಡುಗಿ ಕೈ ತೆಗೆದು, "ಅದಕ್ಕೇ ಸಾರ್, ಅಕ್ಕ ಫೋನಿನಲ್ಲಿ ತೊದಲುತ್ತಿದ್ದಳು!" ಎಂದಳು.

ಇನ್ನೊಂದು ತೊಡಕನ್ನು ನೀವೇ ಮಾಡಿ ನೋಡಬಹುದು. ಒಂದು ಸ್ಕೇಲನ್ನು ಮೇಜಿನ ಅಂಚಿನಿಂದ 20 ಸೆ.ಮೀ. ಹೊರಚಾಚಿ ತುದಿಯನ್ನು ಒತ್ತಿ. ಸುಲಭವಾಗಿ ಬಾಗುತ್ತದೆ. ಈಗ 5 ಸೆ.ಮೀ. ಮಾತ್ರ ಹೊರಗಿಟ್ಟು ಒತ್ತಿ. ಎಷ್ಟು ಬಿಗಿ! ಹಲ್ಲುಸಾಲು ಒಂದು ಕಮಾನು. ಕಮಾನಿನ ಒಳಬದಿ ಹೊರಬದಿಗಿಂತ ಗಿಡ್ಡ. ಆದ್ದರಿಂದ ಹಲ್ಲಿಗೆ ಅಂಟಿಸುವ ಬ್ರ್ಯಾಕೆಟ್ ಎಂಬ ಪುಟ್ಟ ಗುಂಡಿಗಳು ಒಳಗೆ ಹತ್ತಿರ ಹತ್ತಿರ ಬರುತ್ತವೆ, ಅವುಗಳ ನಡುವಿನ ತಂತಿ ಗಿಡ್ಡವಾಗಿ ಬಿಗಿಯಾಗುತ್ತದೆ. 50 ಗ್ರಾಂನ ಮೃದು ಬಲ ಕೊಡಲು ವೈದ್ಯರು ಹೆಚ್ಚು ಎಚ್ಚರವಹಿಸಬೇಕು. ಜೊತೆಗೆ ಹಲ್ಲಿನ ಹಿಂಬದಿಯ ಉಬ್ಬುತಗ್ಗು ಒಬ್ಬೊಬ್ಬರದು ಒಂದೊಂದು ರೀತಿ. ಬ್ರ್ಯಾಕೆಟ್ಟನ್ನು ಆಯಾ ಹಲ್ಲಿನ ಅಳತೆಗೆ ಮಾಡಿಸುವುದುಂಟು. ಖರ್ಚು ಬಹಳ ಹೆಚ್ಚು, ಬಲ್ಲ ವೈದ್ಯರು ಕಡಿಮೆ. ಕನ್ನಡಿಯಲ್ಲಿ ಕಾಣದ ಜಾಗವನ್ನು ಉಜ್ಜುವುದೂ ಕಷ್ಟವೇ.

ನಿಮ್ಮ ವಯಸ್ಸಿನವರಿಗೆ ನಾನಂತೂ ಎದುರಿನ ತಂತಿಯನ್ನೇ ಹೇಳುತ್ತೇನೆ. ಈಗಷ್ಟೇ ಹುಟ್ಟುತ್ತಿರುವ ಹಲ್ಲು ಒಸಡಿನಿಂದ ಪೂರ್ತಿ ಮೇಲೆ ಬಂದಿರುವುದಿಲ್ಲ. ಹಿಂಬದಿಯಲ್ಲಿ ಬ್ರ್ಯಾಕೆಟ್ ಅಂಟಿಸಲು ಜಾಗವೇ ಸಾಲದು. ಒಳತಂತಿ ಹೆಚ್ಚಾಗಿ ದೊಡ್ಡವರಿಗೆ. ಯಾವ ತಂತಿಯಾದರೂ ತಿಂಗಳಿಗೊಮ್ಮೆಯೋ ಒಂದೂವರೆ ತಿಂಗಳಿಗೊಮ್ಮೆಯೋ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಕಡೆಯವರು ಸಕಲೇಶಪುರಕ್ಕೆ ಬಂದು, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನಕ್ಕೆ ಬಸ್ ಹಿಡಿಯಬೇಕಾದೀತು. ಹಾಸನದಲ್ಲಿ ದಂತವೈದ್ಯಕೀಯ ಕಾಲೇಜಿದೆ. ಅಪ್ಪ ಅಮ್ಮ ಕೂಲಿ ಬಿಟ್ಟು ಬರುವ ಲೆಕ್ಕವನ್ನೂ ಹಾಕಬೇಕಲ್ಲ.

ಅಲ್ಪಸ್ವಲ್ಪ ಓರೆ ಇರುವ ಹಲ್ಲಿಗೆಲ್ಲ ತಂತಿ ಬೇಕಿಲ್ಲ. ಆದರೆ ತುಂಬ ಉಬ್ಬಿದ ಹಲ್ಲು ಬಿದ್ದಾಗ ಮುರಿಯುವ ಸಂಭವ ಹೆಚ್ಚು. ಒತ್ತೊತ್ತಾಗಿ ಬೆಳೆದ ಹಲ್ಲುಗಳ ಸಂದಿನಲ್ಲಿ ಅನ್ನ ಸಿಕ್ಕಿ ಹುಳುಕಾಗುತ್ತದೆ. ಅಂಥವರು ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ವೈದ್ಯರಿಗೆ ಬಾಯಿ ತೆರೆದು ತೋರಿಸಿ, ನಾಚಬೇಡಿ.

ಒಂದು ತಮಾಷೆ ಗೊತ್ತೇ? ಚಿಕಿತ್ಸೆ ಮುಗಿದು ತಂತಿ ತೆಗೆದ ಮೇಲೆ ಹಲ್ಲುಗಳು ಹಳೆಯ ಜಾಗಕ್ಕೆ ಮರಳಲು ನೋಡುತ್ತವೆ. ಅದನ್ನು ತಡೆಯಲು ಅನೇಕರಿಗೆ ಮುಂದಿನ ಹಲ್ಲುಗಳ ಹಿಂದೆ ಸಣ್ಣ ತಂತಿಯೊಂದನ್ನು ವರ್ಷಗಟ್ಟಲೆ ಅಂಟಿಸಿಡುತ್ತಾರೆ. ಎದುರಿಗೆ ತಂತಿ ಹಾಕಿಸಿಕೊಂಡವರಿಗೂ ಕೊನೆಗೆ ಒಂದು ಒಳತಂತಿ!