ಗಂಟಲಲ್ಲಿ ಹಲ್ಲಿರುವ ಮೀನು

ಭಾನುವಾರ ಗೊರಗುಂಟೆಪಾಳ್ಯದಲ್ಲಿ ರೋಹು ಕೊಯ್ಯಿಸುವಾಗ ತಲೆ ಬೇಡ ಅನ್ನಬೇಡಿ. ಮನೆಗೆ ತಂದು ಬೇಯಿಸಿ, ಕಿವಿರು ಕಿತ್ತು ನೋಡಿ. ಗಂಟಲಿನ ಎರಡೂ ಬದಿಗೆ ಬಾಗಿದ ಒಂದೊಂದು ಎಲುಬು, ಅದರ ಮೇಲೆ ಸಾಲುಸಾಲಾಗಿ ಹಲ್ಲು. ದವಡೆಯಲ್ಲಿ ಹುಡುಕಿದರೆ ಒಂದೂ ಸಿಗದು.

ಗೆಂಡೆ ಕುಲದ ಮೀನುಗಳೆಲ್ಲ ಹೀಗೇ. ಬಾಯಿ ಇರುವುದು ಹೀರುವುದಕ್ಕೆ, ಅಗಿಯುವುದು ಗಂಟಲಿನ ಕೆಲಸ. ತಲೆಬುರುಡೆಯ ತಳದಲ್ಲಿ ಕೊಂಬಿನಷ್ಟು ಗಟ್ಟಿಯಾದ ಒಂದು ಬಿಲ್ಲೆ ಇದೆ. ಹಲ್ಲುಗಳು ಕೆಳಗಿನಿಂದ ಅದಕ್ಕೆ ಒತ್ತಿ ಅರೆಯುತ್ತವೆ. ಒರಳುಕಲ್ಲೇ, ಆದರೆ ಒರಳು ಮೇಲೆ, ಗುಂಡು ಕೆಳಗೆ.

ಈ ಕುಲದ ದೊಡ್ಡಣ್ಣ ನಮ್ಮ ನಲ್ಲಿಗೆ ಬರುವ ಹೊಳೆಯಲ್ಲೇ ಇದ್ದಾನೆ. ಶಿವನಸಮುದ್ರದ ಬಳಿ ಎತ್ತಿದ ಕಾವೇರಿ ನೀರು ತೊರೆಕಾಡನಹಳ್ಳಿ ಹಾದು ಬೆಂಗಳೂರಿಗೆ ಹತ್ತಿ ಬರುತ್ತದೆ. ಎತ್ತದೆ ಉಳಿದದ್ದು ಭೀಮೇಶ್ವರಿ, ಗಾಲಿಬೋರೆ, ಮೇಕೆದಾಟಿನ ಕಡೆ ಇಳಿಯುತ್ತದೆ. ಅಲ್ಲಿನ ಮಡುಗಳ ಡುಬ್ಬದ ಮಹಶೀರೇ ಆ ದೊಡ್ಡಣ್ಣ. 1946ರ ಮಾರ್ಚ್‌ನಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡಿವೆಟ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಸುಮಾರು 54 ಕಿಲೊ. ಅಷ್ಟು ದೊಡ್ಡ ಮೀನಿನ ಗಂಟಲಿಗೆ ಏಡಿಯ ಚಿಪ್ಪು ಹಪ್ಪಳ.

ಕಾರ್ತಿಕದ ಹೊತ್ತಿಗೆ ಮುಂಗಾರಿನ ಕೆಂಪು ನೀರು ತಿಳಿಯಾಗತೊಡಗುತ್ತದೆ. ಹಿಂದೆ ಗಾಳದವರು ಸಜ್ಜಾಗುತ್ತಿದ್ದ ಕಾಲ. ಅವರ ದೊಡ್ಡ ಅಸ್ತ್ರ ರಾಗಿ. ಊಟದ ಮುದ್ದೆಯ ಹದ ಇಲ್ಲಿ ಸಾಲದು, ಸೆಳವಿಗೆ ಕರಗಿಹೋಗುತ್ತದೆ. ಹಿಟ್ಟು ಬೇಯಿಸಿ, ಬೆರಳು ಒತ್ತಿದರೆ ಇಳಿಯದಷ್ಟು ಗಟ್ಟಿಯಾಗಿ ನಾದಿ, ಕೊಕ್ಕೆ ಮುಚ್ಚುವಂತೆ ಉಂಡೆ ಕಟ್ಟಬೇಕು. ಏಡಿ ಅರೆಯುವವನಿಗೆ ರಾಗಿ ಯಾಕೆ? ಉದುರಿದ ಹಣ್ಣು, ಶಂಖದ ಹುಳು, ಸಣ್ಣ ಮೀನು, ಇವನಿಗೆ ಎಲ್ಲವೂ ಆದೀತು. ತುಟಿಯ ಪಕ್ಕದ ಎರಡು ಜೊತೆ ಮೀಸೆಗಳೇ ಅವನ ನಾಲಿಗೆ. ತಳ ಮುಟ್ಟಿ ರುಚಿ ನೋಡುತ್ತವೆ.

ಗಾಳದವನು ದಡದ ಬಂಡೆಯ ಮೇಲೆ ಧಡಧಡ ನಡೆದರೆ ಮಾತ್ರ ಆಟ ಮುಗಿಯಿತು. ಆ ಸದ್ದಿಗೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ತಮಟೆಯಂತೆ ಕಂಪಿಸುತ್ತದೆ, ಪುಟ್ಟ ಮೂಳೆಗಳ ಸರಪಳಿಯೊಂದು ಅದನ್ನು ಒಳಕಿವಿಗೆ ಮುಟ್ಟಿಸುತ್ತದೆ. ಇದೂ ರೋಹುವಿಗೆ ಇದೆ.

ಇಷ್ಟು ಹೆಸರುವಾಸಿಯಾದ ಡುಬ್ಬದ ಮಹಶೀರ್‌ಗೆ ಶಾಸ್ತ್ರದ ಹೆಸರು ಗಟ್ಟಿಯಾದದ್ದು 2018ರಲ್ಲಿ. ಕೇರಳದ ಪಾಂಬಾರ್ ತೊರೆಯ ಚಿಕ್ಕ ಮೀನುಗಳಿಗೆ 2007ರಲ್ಲೇ ಟಾರ್ ರೆಮಾದೇವಿಯೈ ಎಂದು ಹೆಸರಿಟ್ಟಿದ್ದರು. ನಮ್ಮ ಡುಬ್ಬದವನೂ ಅದೇ ಎಂದು ಆಮೇಲೆ ಗೊತ್ತಾಯಿತು. ಹೆಸರು ಸಿಕ್ಕ ವರ್ಷವೇ ಅಳಿವಿನ ಅಂಚಿನ ಪಟ್ಟಿಯನ್ನೂ ಸೇರಿದ. ಕಾವೇರಿ ಮತ್ತು ಅದರ ಉಪನದಿಗಳ ಆಚೆ ಇವನಿಲ್ಲ.

ಹೊಳೆಗೆ ಉಪಕಾರವೆಂದೇ 1970ರ ದಶಕದಿಂದ ಲೋನಾವಳದಲ್ಲಿ ಮರಿಮಾಡಿಸಿದ ಬೇರೊಂದು ಮಹಶೀರ್, ನೀಲಿ ರೆಕ್ಕೆಯದು, ಕಾವೇರಿಗೂ ಬಂತು. ಗಾಲಿಬೋರೆಯಲ್ಲಿ ಮೀನು ಹಿಡಿದು ತೂಗಿ ಮತ್ತೆ ನೀರಿಗೆ ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ ಮೀನಿನ ಸಂಖ್ಯೆ ಏರಿದೆ, ತೂಕ ಇಳಿದಿದೆ. ನೀಲಿ ರೆಕ್ಕೆಯವು ತುಂಬಿಕೊಂಡಿವೆ, ಡುಬ್ಬದವನು ಹೆಚ್ಚುಕಡಿಮೆ ಕಾಣೆ. ಈಗ ಅಲ್ಲಿನ ವನ್ಯಧಾಮದೊಳಗೆ ಗಾಳ ನಿಂತಿದೆ, ಆ ಲೆಕ್ಕದ ಪುಸ್ತಕವೂ ನಿಂತಿದೆ. ಕತ್ತಲಲ್ಲಿ ಮಡುವಿಗೆ ಸಿಡಿಮದ್ದು ಎಸೆಯುವವರು ತೂಕ ಬರೆದಿಡುವವರಲ್ಲ.