ಬೆಸೆದ ಕಾರ್ಬೈಡಿನಲ್ಲಿ ವಿರಳ ಭಸ್ಮ ಧಾತುಗಳ ಪಾತ್ರ

ಮುಂಬಯಿಯ ಫೋರ್ಟ್ ಪ್ರದೇಶದ ದಕ್ಷಿಣ ಅಂಚಿನಲ್ಲಿರುವ ಅಣುಶಕ್ತಿ ಭವನವು ಪರಮಾಣು ಶಕ್ತಿ ಇಲಾಖೆಯ ಕೇಂದ್ರ ಕಚೇರಿ. ಕಡಲತೀರದ ಮರಳಿನ ಮೊನಜೈಟ್ ಖನಿಜದಲ್ಲಿ ಥೋರಿಯಂ ಇರುವುದರಿಂದ ಅದರ ಸಂಸ್ಕರಣೆಯು ಈ ಇಲಾಖೆಯ ಅಧೀನಕ್ಕೆ ಒಳಪಟ್ಟಿದೆ. 1950ರಲ್ಲಿ ಸ್ಥಾಪಿತವಾದ, ಇಂದು ಐಆರ್‌ಇಎಲ್ ಎನಿಸಿರುವ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯು ಈ ಕಾರ್ಯವನ್ನು ನಿರ್ವಹಿಸುತ್ತದೆ. ಅದೇ ಖನಿಜದಿಂದ ಸೀರಿಯಂ, ಲ್ಯಾಂಥನಂ ಮೊದಲಾದ ವಿರಳ ಭಸ್ಮ ಧಾತುಗಳೂ ದೊರೆಯುತ್ತವೆ. ಲೋಹವನ್ನು ಕತ್ತರಿಸುವ ಉಪಕರಣಗಳ ಬಾಳಿಕೆಗೂ ಈ ಧಾತುಗಳಿಗೂ ಇರುವ ಸಂಬಂಧವನ್ನು ಇಲ್ಲಿ ವಿವರಿಸಲಾಗಿದೆ.

ಟಂಗ್‌ಸ್ಟನ್ ಕಾರ್ಬೈಡಿನ ಸೂಕ್ಷ್ಮ ಹರಳುಗಳನ್ನು ಕೋಬಾಲ್ಟ್ ಲೋಹದಿಂದ ಬೆಸೆದು, ಸುಮಾರು 1400 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಗಟ್ಟಿಗೊಳಿಸಿದ ವಸ್ತುವೇ ಬೆಸೆದ ಕಾರ್ಬೈಡ್. ಜರ್ಮನಿಯಲ್ಲಿ 1920ರ ದಶಕದಲ್ಲಿ ರೂಪುಗೊಂಡ ಇದು 'ವಜ್ರದಂತೆ' ಎಂಬ ಅರ್ಥದ 'ವಿಡಿಯಾ' ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇದೇ ಹೆಸರಿನ ಕಾರ್ಖಾನೆ ನೆಲೆಗೊಂಡಿತು. ಈಗ ಅದು ಕೆನ್ನಾಮೆಟಲ್ ಇಂಡಿಯಾ. ಲೇತ್ ಕೆಲಸಗಾರರ ಮಾತಿನಲ್ಲಂತೂ ವಿಡಿಯಾ ಎಂದರೆ ಕಾರ್ಬೈಡ್ ಮೊನೆಯೆಂದೇ ರೂಢಿ.

ಇದರಲ್ಲಿ ಗಡಸುತನವು ಹರಳುಗಳದು, ಆಘಾತವನ್ನು ತಾಳುವ ಗುಣ ಕೋಬಾಲ್ಟಿನದು. ಬಿರುಕು ಹುಟ್ಟುವುದು ಸಾಮಾನ್ಯವಾಗಿ ದುರ್ಬಲ ಸ್ಥಾನಗಳಲ್ಲಿ. ಹರಳುಗಳ ಸಂಧಿಯಲ್ಲಿ ಸೇರಿಕೊಂಡ ಗಂಧಕ, ಆಮ್ಲಜನಕಗಳು ಬೆಸುಗೆಯನ್ನು ಸಡಿಲಿಸುತ್ತವೆ. ಸೀರಿಯಂ, ಲ್ಯಾಂಥನಂ, ಇಟ್ರಿಯಂಗಳಿಗೆ ಈ ಎರಡರ ಮೇಲೂ ತೀವ್ರ ಆಕರ್ಷಣೆ ಇರುವುದರಿಂದ ಅವು ಕಲ್ಮಶವನ್ನು ಸ್ಥಿರ ಸಂಯುಕ್ತಗಳಾಗಿ ಹಿಡಿದಿಡುತ್ತವೆ, ಸಂಧಿಯು ಶುದ್ಧವಾಗುತ್ತದೆ. ಎರಡನೆಯದಾಗಿ, ತಣಿಯುವಾಗ ಕೋಬಾಲ್ಟಿನ ಘನಾಕಾರದ ಸ್ಫಟಿಕ ಜಾಲವು ಪೆಡಸಾದ ಷಟ್ಕೋನ ಜಾಲವಾಗಿ ಮಾರ್ಪಡುವುದನ್ನು ಅವು ತಡೆಯುತ್ತವೆ. ಇದರಿಂದ ಗಡಸುತನ ಹೆಚ್ಚು ಬದಲಾಗದೆ ಬಾಗುಬಲವೂ ಬಿರುಕುನಿರೋಧವೂ ಹೆಚ್ಚುತ್ತವೆ.

ಆದರೆ ಪ್ರಮಾಣವೇ ಇಲ್ಲಿ ನಿರ್ಣಾಯಕ. ಸೇರಿಸುವ ಧಾತು ಕೋಬಾಲ್ಟಿನ ತೂಕದ ಶೇಕಡ 1ರ ಆಸುಪಾಸಿನಲ್ಲಿರುವುದು ವಾಡಿಕೆ. ಅದು ಮಿತಿಮೀರಿದರೆ ಆಕ್ಸೈಡುಗಳು ಗಂಟುಗಟ್ಟಿ, ತಾವೇ ಬಿರುಕಿನ ಮೂಲಗಳಾಗುತ್ತವೆ. ಸಮನಾಗಿ ಬೆರೆಸುವುದೂ ಸುಲಭವಲ್ಲ. ಶುದ್ಧ ಲೋಹಪುಡಿಯು ಗಾಳಿಯಲ್ಲಿ ಬೇಗ ಆಕ್ಸೈಡಾಗುವುದರಿಂದ ಸಂಯುಕ್ತ ರೂಪದಲ್ಲಿ ಅಥವಾ ಕೋಬಾಲ್ಟಿನೊಡನೆ ಮಿಶ್ರಲೋಹವಾಗಿ ಸೇರಿಸುತ್ತಾರೆ.

ಭಾರತವು ಟಂಗ್‌ಸ್ಟನ್ ಮತ್ತು ಕೋಬಾಲ್ಟ್‌ಗಳಿಗೆ ಆಮದನ್ನೇ ಅವಲಂಬಿಸಿದೆ. 2025ರ ಫೆಬ್ರವರಿಯಲ್ಲಿ ಚೀನವು ಟಂಗ್‌ಸ್ಟನ್ ಉತ್ಪನ್ನಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಮೊನಜೈಟಿನಲ್ಲಿ ಹೇರಳವಾಗಿರುವುದಾದರೋ ಸೀರಿಯಂ, ಲ್ಯಾಂಥನಂಗಳೇ. ಚಿಟಿಕೆಯಷ್ಟು ಸ್ವದೇಶಿ ಧಾತು ಉಪಕರಣದ ಆಯುಷ್ಯವನ್ನು ಹೆಚ್ಚಿಸಿದರೆ ಉಳಿಯುವುದು ಆಮದಿನ ಲೋಹ. ಈ ಸಂಶೋಧನೆಯ ಮಹತ್ವವಿರುವುದು ಇಲ್ಲಿಯೇ.