ಒಂದು ಗಣಕಯಂತ್ರ, ಹಲವು ಮನೆಗಳು

ಕಾಸರಗೋಡಿನ ಪ್ರೌಢಶಾಲೆಗಳಲ್ಲಿ ನಾವು ಗಣಕಯಂತ್ರದ ಪಾಠವನ್ನು ಕಲಿಯುವುದು ಲಿನಕ್ಸಿನಲ್ಲಿ. ಕೇರಳದ 'ಕೈಟ್' ಸಂಸ್ಥೆಯು ಶಾಲೆಗಳಿಗೆ ಕೊಡುವ ವ್ಯವಸ್ಥೆಯು ಉಬುಂಟು ಲಿನಕ್ಸನ್ನು ಆಧರಿಸಿದುದಾಗಿದೆ. ಒಂದೇ ಸರ್ವರನ್ನು ಹಲವರು ಬಳಸುವಾಗ ಪ್ರತಿಯೊಬ್ಬರ ಕೆಲಸವೂ ಎಲ್ಲಿ ಉಳಿಯುತ್ತದೆ, ಅದನ್ನು ಯಾರು ಯಾರು ಓದಬಲ್ಲರು ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಉಬುಂಟುವಿನಲ್ಲಿ 'ಆಡ್‌ಯೂಸರ್' ಎಂಬ ಆದೇಶದಿಂದ ಹೊಸ ಬಳಕೆದಾರನನ್ನು ಸೇರಿಸಿದೊಡನೆ 'ಹೋಮ್' ಡೈರೆಕ್ಟರಿಯೊಳಗೆ ಅವನ ಹೆಸರಿನಲ್ಲೊಂದು ಮನೆ ಸಿದ್ಧವಾಗುತ್ತದೆ. ಆ ಮನೆ ಎಲ್ಲಿರಬೇಕು, ಅದರೊಳಗೆ ಮೊದಲೇ ಏನಿರಬೇಕು, ಬಾಗಿಲು ಯಾರಿಗೆ ತೆರೆದಿರಬೇಕು ಎಂಬ ಮೂರು ಸಂಗತಿಗಳೂ 'ಈಟಿಸಿ' ಡೈರೆಕ್ಟರಿಯೊಳಗೆ ನಿರ್ಧಾರವಾಗುತ್ತವೆ.

ಮೊದಲನೆಯದು ಸ್ಥಳ. 'ಆಡ್‌ಯೂಸರ್.ಕಾನ್ಫ್' ಎಂಬ ಕಡತದಲ್ಲಿ 'ಡಿಹೋಮ್' ಎಂಬ ಸಾಲಿದೆ. ಮೂಲ ಡಿಸ್ಕ್ ತುಂಬುತ್ತಾ ಬಂದಿದ್ದರೆ ಎರಡನೆಯ ಡಿಸ್ಕನ್ನು ಜೋಡಿಸಿ, ಅದರ ವಿಳಾಸವನ್ನು ಈ ಸಾಲಿನಲ್ಲಿ ಬರೆಯಬಹುದು. 'ಯೂಸರ್‌ಆಡ್' ಎಂಬ ಇನ್ನೊಂದು ಆದೇಶವೂ ಉಂಟು. ಹೆಸರುಗಳು ಅವಳಿಮಕ್ಕಳಂತಿದ್ದರೂ ಅದು ಓದುವ ಕಡತಗಳೇ ಬೇರೆ. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಎರಡನೆಯದು ಒಳಗಿನ ಸಾಮಾನು. 'ಸ್ಕೆಲ್' ಎಂಬ ಡೈರೆಕ್ಟರಿಯಲ್ಲಿ ನಾವು ಏನನ್ನಿಟ್ಟರೂ ಅದರ ಪ್ರತಿಯು ಪ್ರತಿಯೊಂದು ಹೊಸ ಮನೆಗೂ ಹೋಗುತ್ತದೆ. 'ಸ್ಕೆಲಿಟನ್', ಅಂದರೆ ಅಸ್ಥಿಪಂಜರ ಎಂಬ ಪದದ ಮೊಟಕು ರೂಪವಿದು. ಶಾಲೆಯ ನಿಯಮಗಳ ಒಂದು ಪುಟವನ್ನು ಅಲ್ಲಿಟ್ಟರೆ ನಲವತ್ತು ಮಕ್ಕಳಿಗೆ ನಲವತ್ತು ಸಲ ಹಂಚಬೇಕಾಗಿಲ್ಲ.

ಮೂರನೆಯದು ಬಾಗಿಲು. ಇದೇ ಬಹು ಮುಖ್ಯವಾದುದು. ಅನುಮತಿಯನ್ನು ಮೂರು ಅಂಕೆಗಳಲ್ಲಿ ಹೇಳುತ್ತಾರೆ: ಕ್ರಮವಾಗಿ ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ. ಓದುವುದಕ್ಕೆ ೪, ಬರೆಯುವುದಕ್ಕೆ ೨, ಡೈರೆಕ್ಟರಿಯ ಒಳಹೊಗುವುದಕ್ಕೆ ೧, ಇವನ್ನು ಕೂಡಿಸಬೇಕು. ೭೫೫ ಎಂದರೆ ಒಡೆಯನಿಗೆ ಎಲ್ಲವೂ ಸಾಧ್ಯ. ಇತರರೂ ಒಳಗೆ ಬಂದು ನೋಡಬಹುದು. ೭೫೦ ಎಂದರೆ ಹೊರಗಿನವರಿಗೆ ಬಾಗಿಲು ಮುಚ್ಚಿದೆ. ಉಬುಂಟುವಿನಲ್ಲಿ ಬಹುಕಾಲ ೭೫೫ ಇದ್ದುದು ೨೦೨೧ರಲ್ಲಿ ಹೊರಬಂದ ೨೧.೦೪ನೆಯ ಆವೃತ್ತಿಯಿಂದ ೭೫೦ ಆಯಿತು. ಆದರೆ ಹಳೆಯ ಸರ್ವರನ್ನು ಹೊಸ ಆವೃತ್ತಿಗೆ ಏರಿಸಿದ ಮಾತ್ರಕ್ಕೆ ಅಲ್ಲಿದ್ದ ಮನೆಗಳ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಉಬುಂಟು ಸಾಮಾನ್ಯವಾಗಿ ಪ್ರತಿಯೊಬ್ಬನಿಗೂ ಅವನದೇ ಗುಂಪನ್ನು ಕೊಡುತ್ತದೆ. ಆಗ ೭೫೦ ಸಾಕು. ತರಗತಿಯ ಮಕ್ಕಳನ್ನೆಲ್ಲ ಒಂದೇ ಮೂಲಗುಂಪಿಗೆ ಸೇರಿಸಿದರೆ ನಡುವಿನ ೫ರ ದಾರಿಯಾಗಿ ಸಹಪಾಠಿಗಳೆಲ್ಲ ಒಳಗೆ ಬರಬಹುದು. ಆಗ 'ಡಿಐಆರ್_ಮೋಡ್' ಎಂಬ ಸಾಲಿನಲ್ಲಿ ೭೦೦ ಎಂದು ಬರೆಯುವುದೇ ಸರಿ.

ಈ ಬದಲಾವಣೆಗಳೆಲ್ಲ ಮುಂದೆ ಬರುವ ಬಳಕೆದಾರರಿಗೆ ಮಾತ್ರ ಸಲ್ಲುತ್ತವೆ. ಈಗಾಗಲೇ ಇರುವವರ ಬಾಗಿಲನ್ನು 'ಸಿಎಚ್‌ಮೋಡ್' ಆದೇಶದಿಂದ ಒಂದೊಂದಾಗಿ ಸರಿಪಡಿಸಬೇಕು. ಮನೆಯನ್ನು ಸ್ಥಳಾಂತರಿಸಲು 'ಯೂಸರ್‌ಮೋಡ್' ಇದೆ. ಅದಕ್ಕೆ 'ಡಿ' ಎಂಬ ಸೂಚನೆಯನ್ನು ಮಾತ್ರ ಕೊಟ್ಟರೆ ದಾಖಲೆಯಲ್ಲಿ ವಿಳಾಸ ಬದಲಾಗುತ್ತದೆ, ಸಾಮಾನು ಹಳೆಯ ಮನೆಯಲ್ಲೇ ಉಳಿಯುತ್ತದೆ. 'ಎಮ್' ಎಂಬುದನ್ನೂ ಸೇರಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಬಳಕೆದಾರನು ಲಾಗ್‌ಔಟ್ ಆಗಿರುವ ಹೊತ್ತಿನಲ್ಲಿ, ಎಲ್ಲಕ್ಕೂ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು. ಬಳಿಕ ಪರೀಕ್ಷೆಗೆಂದು ಒಂದು ಖಾತೆಯನ್ನು ತೆರೆದು, ಅದರಿಂದ ಬೇರೊಬ್ಬರ ಮನೆಯೊಳಗೆ ಹೋಗಲು ಸಾಧ್ಯವೇ ಎಂದು ನೋಡಬೇಕು.

ಎಷ್ಟೇ ಬೀಗ ಹಾಕಿದರೂ 'ರೂಟ್' ಎಂಬ ಮೇಲ್ವಿಚಾರಕನಿಗೆ ಎಲ್ಲ ಮನೆಗಳೂ ತೆರೆದೇ ಇರುತ್ತವೆ. ಒಬ್ಬಳು ಬರೆದಿಟ್ಟ ಅರೆಬರೆ ಕಥೆ, ಇನ್ನೊಬ್ಬನ ಲೆಕ್ಕದ ಉತ್ತರ, ಅಧ್ಯಾಪಕರ ಅಂಕಪಟ್ಟಿ ಎಲ್ಲವೂ ಒಂದೇ ಯಂತ್ರದಲ್ಲಿರುವಾಗ, ಆ ಗುಪ್ತಪದವನ್ನು ಯಾರ ಕೈಗೆ ಒಪ್ಪಿಸಿದ್ದೇವೆ ಎಂಬುದು ಈ ಅಂಕೆಗಳಷ್ಟೇ ಮುಖ್ಯ.